ಹೊಲಿಗೆ ಕಲಿಯಲು ಬರುವ ಹುಡುಗಿ

ಜೂನ್ 9, ಸೋಮವಾರ

ಇವತ್ತಿನಿಂದ ನನಗೊಂದು ಕೆಲಸ. ಸಂಬಳವಿಲ್ಲ.

ಅಪ್ಪ ಡ್ಯೂಟಿಗೆ ಹೊರಡಲು ಶೂ ಕಟ್ಟಿಕೊಳ್ಳುತ್ತಿದ್ದರು. "ಸಂಬಳ ಇಲ್ದಿದ್ರೆ ಅದನ್ನ ಕೆಲಸ ಅಂತಾರೇನಮ್ಮ ಮೈತ್ರಿ?" ಎಂದರು. ಇಪ್ಪತ್ತೆರಡು ವರ್ಷ ಬಸ್ ಓಡಿಸಿದವರು, ಎದುರು ಬಂದದ್ದಕ್ಕೆಲ್ಲ ಹಾರ್ನ್ ಹೊಡೆಯದೆ ಬಿಡುವುದಿಲ್ಲ. "ಮೊಬೈಲ್ ಅಂಗಡೀಲಿ ಹನ್ನೊಂದು ದಿನ. ಬ್ಯೂಟಿ ಪಾರ್ಲರಲ್ಲಿ ನಾಲ್ಕು ದಿನ. ಇಲ್ಲಿ ಎಷ್ಟು?"

"ಆರು ತಿಂಗಳು," ಎಂದೆ.

ಒಳಗೆ ಅಜ್ಜಿ ಕಿಸಕ್ಕೆಂದು ನಕ್ಕಿತು.

ಮೊಬೈಲ್ ಅಂಗಡಿಯಲ್ಲಿ ಹಳೇ ಡಿಸ್‌ಪ್ಲೇ ಹಾಕಿ ಹೊಸದು ಅನ್ನುತ್ತಿದ್ದರು, ನಾನು ಗಿರಾಕಿಗೆ ಹೇಳಿಬಿಟ್ಟೆ. ಪಾರ್ಲರಿನಲ್ಲಿ ಒಬ್ಬ ಮೇಡಂಗೆ, ಈ ಕ್ರೀಮಿಂದ ಯಾರೂ ಬೆಳ್ಳಗಾಗಿದ್ದು ನಾನು ನೋಡಿಲ್ಲ ಅಂದೆ. ಶಾಲೆ ಬಿಟ್ಟಿದ್ದೂ ಇಂಥದ್ದಕ್ಕೇ. ಹತ್ತನೇ ಕ್ಲಾಸಿನ ಪ್ರಿಪರೇಟರಿ ಪರೀಕ್ಷೆಯಲ್ಲಿ ಮೇಷ್ಟ್ರು ಬೋರ್ಡಿನ ಮೇಲೆ ಉತ್ತರ ಬರೆದುಕೊಟ್ಟರು. ಮಾರನೇ ದಿನ ಬಂದ ಆಫೀಸರಿಗೆ ನಾನು ಎದ್ದು ನಿಂತು ಹೇಳಿದೆ. ಇಡೀ ಕ್ಲಾಸು ಮತ್ತೆ ಪರೀಕ್ಷೆ ಬರೆಯಬೇಕಾಯಿತು. ಆಮೇಲೆ ಊಟಕ್ಕೆ ನನ್ನ ಪಕ್ಕ ಯಾರೂ ಕೂರಲಿಲ್ಲ. ಹದಿನೈದು ದಿನ ನೋಡಿದೆ, ಬಿಟ್ಟೆ. ಈಗ ನನಗೆ ಹತ್ತೊಂಬತ್ತು. ಅವತ್ತು ಹೇಳಿದ್ದು ತಪ್ಪು ಅಂತ ಒಂದು ದಿನಕ್ಕೂ ಅನ್ನಿಸಿಲ್ಲ.

ಕೆಲಸ ಕೊಟ್ಟವಳು ನಮ್ಮ ಬೀದಿಯ ಆಶಾ ಕಾರ್ಯಕರ್ತೆ ಭಾಗ್ಯಜ್ಯೋತಿ ಅಕ್ಕ. ಟಿಬಿ ಬಂದವರು ಆರು ತಿಂಗಳು ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಮಾತ್ರೆ ನುಂಗಬೇಕು. ಎರಡು ತಿಂಗಳಿಗೆ ಮೈ ಹಗುರಾಗುತ್ತದೆ, ವಾಸಿಯಾಯಿತು ಅಂದುಕೊಂಡು ಬಿಡುತ್ತಾರೆ. ಬಿಟ್ಟರೆ ಕಾಯಿಲೆ ತಿರುಗಿ ಬರುತ್ತದೆ, ಆಗ ಈ ಮಾತ್ರೆಗೂ ಬಗ್ಗದೇ ಹೋಗಬಹುದು. ಅದಕ್ಕೆ ಎದುರಿಗೆ ಒಬ್ಬರು ನಿಂತು ನುಂಗಿಸಬೇಕು. "ನಿನ್ನಂಥ ಹಟಮಾರಿನೇ ಬೇಕಿತ್ತು ಕಣೆ," ಎಂದಳು.

ನನ್ನ ಪೇಷಂಟು ತಂಗೆವ್ವ. ಮುದ್ದೇಬಿಹಾಳದ ಕಡೆಯವಳು, ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಅಂಗಿಗೆ ತೋಳು ಕೂಡಿಸುತ್ತಾಳೆ. ಗಂಡ ಹನಮಂತ ಜೆಪಿ ನಗರದ ಅಪಾರ್ಟ್‌ಮೆಂಟಿನಲ್ಲಿ ಸೆಕ್ಯುರಿಟಿ. ಐದು ವರ್ಷದ ಮಗಳು ಊರಲ್ಲಿ ಅಜ್ಜಿಯ ಹತ್ತಿರ ಇದ್ದಾಳೆ. ಇವರಿರುವುದು ನಮ್ಮ ಸಾರಕ್ಕಿ ಊರೊಳಗೆ, ಮುನಿಲಕ್ಷ್ಮಮ್ಮ ಆಂಟಿಯ ವಠಾರದಲ್ಲಿ. ಸಾಲಾಗಿ ಆರು ಮನೆ, ಒಂದು ನಲ್ಲಿ, ಎರಡು ಕಕ್ಕಸು. ಸುತ್ತ ಬೆಂಗಳೂರು ಬಂದು ನಿಂತಿದ್ದರೂ ನಮ್ಮದು ಇನ್ನೂ ಹಳ್ಳಿಯೇ. ಈ ಬೀದಿಯಲ್ಲಿ ಯಾರಾದರೂ ಸೀನಿದರೆ ಆ ಬೀದಿಯಲ್ಲಿ ಶುಂಠಿ ಜಜ್ಜುತ್ತಾರೆ.

ತಂಗೆವ್ವ ಮೂರು ಮಾತ್ರೆ ನುಂಗಿ ನೀರು ಕುಡಿದು ನನ್ನನ್ನೇ ನೋಡಿದಳು. ತೂಕ ಮೂವತ್ತೆಂಟು ಕೆಜಿ. ಕಣ್ಣು ಮಾತ್ರ ಎಪ್ಪತ್ತು ಕೆಜಿ.

"ಹುಡುಗಿ, ಯಾರರ ಕೇಳಿದ್ರ ಹೊಲಿಗಿ ಕಲಿಯಾಕ ಬರ್ತೀನಿ ಅನ್ನು."

"ನಾನು ಸುಳ್ಳು ಹೇಳಲ್ಲ ಅಕ್ಕ."

"ಹೇಳಬ್ಯಾಡ. ನಾ ಆಗಲೇ ಹೇಳೀನಿ."

ಜೂನ್ 12, ಗುರುವಾರ

ಬಾಗಿಲು ತೆಗೆದವಳೇ ನನ್ನ ಕೈ ಹಿಡಿದು ಒಳಗೆಳೆದಳು. "ರಕ್ತ ಹೊಂಟೈತಿ! ಕೆಂಪಗ! ನೀ ಏನು ಗುಳಗಿ ಕೊಟ್ಟಿ ನಂಗ?"

ಮೂತ್ರ ಕೆಂಪು ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ ಅಂತ ಹೇಳಬೇಕಿತ್ತು, ಮರೆತಿದ್ದೆ. ಮಾತ್ರೆಯ ಬಣ್ಣ ಅಕ್ಕ, ರಕ್ತ ಅಲ್ಲ, ಹೇಳದೇ ಇದ್ದದ್ದು ನನ್ನದೇ ತಪ್ಪು ಅಂದೆ. ತಪ್ಪು ಒಪ್ಪಿಕೊಳ್ಳುವುದು ನನಗೆ ಕಷ್ಟವಲ್ಲ.

"ಮೊದಲ ಹೇಳಬಾರದಾ? ರಾತ್ರಿ ಎಲ್ಲಾ ನನ್ನ ಗಂಡ ಮನಿದೇವರಿಗೆ ಹರಕಿ ಹೊತ್ತಾನ." ಆಮೇಲೆ ಅವಳಿಗೇ ನಗು ಬಂತು. ನಕ್ಕರೆ ಕೆಮ್ಮು, ಕೆಮ್ಮಿದರೆ ಮತ್ತೆ ನಗು. ಈಗ ಪ್ರತಿ ಸಲ ಎರಡು ಬಕೆಟ್ ನೀರು ಸುರಿದು ಬರುತ್ತಾಳಂತೆ. ಆರು ಮನೆಗೂ ಇರುವುದು ಅವೇ ಎರಡು ಕಕ್ಕಸು.

ಕಂಪನಿಗೆ ಟೈಫಾಯಿಡ್ ಅಂತ ಹೇಳಿ ರಜೆ ಹಾಕಿದ್ದಾಳೆ. ಊರಿಗೆ ಫೋನಿನಲ್ಲಿ ನೆಗಡಿ ಅಂದಿದ್ದಾಳೆ. ಇಷ್ಟು ಸುಳ್ಳನ್ನು ಯಾವುದು ಯಾರಿಗೆ ಅಂತ ನೆನಪಿಟ್ಟುಕೊಳ್ಳುವುದೇ ದೊಡ್ಡ ಕೆಲಸ. ನನಗಂತೂ ಆಗದು.

ಜುಲೈ 1, ಮಂಗಳವಾರ

ಹತ್ತೊಂಬತ್ತು ದಿನ ಬರೆದಿಲ್ಲ. ಬರೆಯುವಂಥದ್ದು ಆಗಲಿಲ್ಲ. ಆರೂವರೆಗೆ ಹೋಗುತ್ತೇನೆ, ನುಂಗುತ್ತಾಳೆ, ಬರುತ್ತೇನೆ.

ಜ್ವರ ನಿಂತಿದೆ. ಇನ್ನು ಇವಳಿಂದ ಬೇರೆಯವರಿಗೆ ಅಂಟುವ ಭಯವಿಲ್ಲ, ಕೆಲಸಕ್ಕೆ ಹೋಗಬಹುದು ಅಂದರು ಡಾಕ್ಟರು. ನಿನ್ನೆಯಿಂದ ಹೋಗುತ್ತಿದ್ದಾಳೆ. ಕಂಪನಿ ಟೆಂಪೋ ಏಳೂವರೆಗೆ ಮೇನ್ ರೋಡಿಗೆ ಬರುತ್ತದೆ. ದೀಪಾವಳಿಗೆ ಮಗಳನ್ನು ಕರೆಸಿ ಇಲ್ಲೇ ಶಾಲೆಗೆ ಹಾಕಬೇಕು ಅನ್ನುತ್ತಾಳೆ. ಈ ಮನೆಯಿಂದ ಸರ್ಕಾರಿ ಶಾಲೆ ಹತ್ತು ಹೆಜ್ಜೆ.

"ನಿಂಗ ಬ್ಯಾಸರ ಬರಂಗಿಲ್ಲೇನ, ದಿನಾ ಬಂದು ನನ್ನ ಗಂಟಲಾ ನೋಡಾಕ?"

"ಬರುತ್ತೆ," ಎಂದೆ. ನಿಜವಾಗಿಯೂ ಬರುತ್ತದೆ.

"ಹಾಂ. ನೀ ಒಬ್ಬಾಕೀನ ನೋಡು ಇದ್ದದ್ದು ಇದ್ದಂಗ ಹೇಳಾಕಿ."

ಹೊಗಳಿದಳೋ ಬೈದಳೋ ಗೊತ್ತಾಗಲಿಲ್ಲ. ಹೊಗಳಿಕೆ ಅಂತಲೇ ಇಟ್ಟುಕೊಂಡಿದ್ದೇನೆ.

ಆಗಸ್ಟ್ 5, ಮಂಗಳವಾರ

ಎರಡು ತಿಂಗಳ ಕಫದ ಪರೀಕ್ಷೆಯ ರಿಪೋರ್ಟ್ ಬಂತು. ಕಫದಲ್ಲಿ ಟಿಬಿ ಇಲ್ಲ! ಇನ್ನು ನಾಲ್ಕು ತಿಂಗಳ ಮಾತ್ರೆ ಮುಗಿಸಿದರೆ ಸಾಕು. ನಾನೇ ಪಾಸಾದಷ್ಟು ಖುಷಿ.

ಖುಷಿಯಲ್ಲಿ ವಠಾರದಿಂದ ಹೊರಗೆ ಬರುತ್ತಿದ್ದೆ. ನಲ್ಲಿ ಹತ್ತಿರ ಬಿಂದಿಗೆ ಸಾಲು. ಮುನಿಲಕ್ಷ್ಮಮ್ಮ ಆಂಟಿ ಜಗುಲಿ ಮೇಲೆ ಕೂತು ಯಾರು ಎಷ್ಟು ಹಿಡಿಯುತ್ತಾರೆ ಅಂತ ನೋಡುತ್ತಿದ್ದರು. ಎಪ್ಪತ್ತು ವರ್ಷದ ಗಟ್ಟಿ ಹೆಂಗಸು. ಅವರ ಮನೆಯವರ ಹೊಲದ ಮೇಲೇ ಈಗ ನಾಲ್ಕು ಕ್ರಾಸ್ ರೋಡಿವೆ.

"ಏನೇ ದಾಸಪ್ಪನ ಮಗಳೇ, ಎರಡು ತಿಂಗಳಾಯ್ತಲ್ಲ, ಹೊಲಿಗೆ ಎಲ್ಲಿಗೆ ಬಂತು? ತಗೋ, ನನ್ನ ರವಿಕೆಗೆ ಹುಕ್ಕು ಹಾಕ್ಕೊಡು."

"ನನಗೆ ಹೊಲಿಗೆ ಬರಲ್ಲ ಆಂಟಿ."

"ಮತ್ತೆ ದಿನಾ ಬೆಳಗೆದ್ದು ಏನು ಕಲೀತಿದ್ದೀಯಾ ಅಲ್ಲಿ?"

"ಹೊಲಿಗೆ ಕಲಿಯೋಕೆ ಬರಲ್ಲ. ಯಾಕೆ ಬರ್ತೀನಿ ಅಂತ ಹೇಳಲ್ಲ."

ನಾನು ಸುಳ್ಳು ಹೇಳಲಿಲ್ಲ. ತಂಗೆವ್ವನ ಗುಟ್ಟನ್ನೂ ಹೇಳಲಿಲ್ಲ. ಎರಡೂ ಸರಿಯಾಗಿ ಮಾಡಿದೆ ಅಂದುಕೊಂಡೆ. ಆದರೆ ನಲ್ಲಿ ಹತ್ತಿರ ಮಾತೆಲ್ಲ ನಿಂತಿತು. ಬಿಂದಿಗೆ ತುಂಬಿ ಹರಿಯುತ್ತಿದ್ದರೂ ಯಾರೂ ಎತ್ತಿಕೊಳ್ಳಲಿಲ್ಲ.

ಆಂಟಿ ನನ್ನ ಹೆಗಲ ಚೀಲ ನೋಡಿದರು. ಆರೋಗ್ಯ ಕೇಂದ್ರದವರು ಟಿಬಿ ಕೆಲಸದವರಿಗೆ ಕೊಡುವ ನೀಲಿ ಚೀಲ.

ಆಗಸ್ಟ್ 8, ಶುಕ್ರವಾರ. ವರಮಹಾಲಕ್ಷ್ಮಿ

ಮುನಿಲಕ್ಷ್ಮಮ್ಮ ಆಂಟಿ ಪ್ರತಿ ವರ್ಷ ವಠಾರದ ಬಾಗಿಲು ಬಾಗಿಲಿಗೆ ಹೋಗಿ ಎಲ್ಲ ಹೆಂಗಸರನ್ನೂ ಅರಿಶಿನ ಕುಂಕುಮಕ್ಕೆ ಕರೆಯುತ್ತಾರೆ. ನಮ್ಮ ಮನೆಗೆ ಕರೆಯುವುದಿಲ್ಲ. ನೀವು ಬೌದ್ಧರಲ್ವಾ ಅದಕ್ಕೆ ಅನ್ನುತ್ತಾರೆ ಅವರು. ಬೌದ್ಧರಾಗೋಕೆ ಮುಂಚೆ ಎಷ್ಟು ಸಲ ಕರೆದಿದ್ದರು ಅಂತ ಕೇಳು ಅನ್ನುತ್ತೆ ನಮ್ಮಜ್ಜಿ.

ಇವತ್ತು ಬೆಳಿಗ್ಗೆ ನಾನು ಒಳಗಿದ್ದಾಗಲೇ ಆಂಟಿ ಬಂದರು. ಮೊದಲ ಮನೆ, ಎರಡನೇ ಮನೆ, ಮೂರನೇ ಮನೆ. "ಸಂಜೆ ಬಂದ್ಬಿಡಮ್ಮ, ತಪ್ಪಿಸ್ಬೇಡ." ತಂಗೆವ್ವನದು ನಾಲ್ಕನೆಯದು. ಎದ್ದು ತಲೆ ಸರಿಮಾಡಿಕೊಂಡು ಬಾಗಿಲಿಗೆ ಹೋಗಿ ನಿಂತಳು. ಆಂಟಿ ಇವಳ ಎದುರಿಗೇ ದಾಟಿಕೊಂಡು ಹೋದರು. "ಸಂಜೆ ಬಂದ್ಬಿಡಮ್ಮ," ಅಂತ ಐದನೇ ಮನೆಯಲ್ಲಿ ಕೇಳಿಸಿತು.

ತಂಗೆವ್ವ ಬಾಗಿಲು ಹಾಕಿ ನನ್ನ ಕಡೆ ತಿರುಗಿದಳು. "ನೀ ಏನು ಹೇಳಿದಿ ಅವರಿಗೆ?"

ಹೇಳಿದೆ. ಒಂದಕ್ಷರ ಬಿಡದೆ.

"ಹೋಗು," ಎಂದಳು.

ಮಾತ್ರೆ ನುಂಗಿ ಆಗಿತ್ತು. ಆ ಮಟ್ಟಿಗೆ ಸರಿ.

ಆಗಸ್ಟ್ 9, ಶನಿವಾರ

ಬಾಗಿಲು ತೆಗೆಯಲಿಲ್ಲ.

ಆಗಸ್ಟ್ 10, ಭಾನುವಾರ

ತೆಗೆಯಲಿಲ್ಲ. ಒಳಗೆ ಸ್ಟವ್ ಸದ್ದು ಕೇಳುತ್ತಿತ್ತು.

ಆಗಸ್ಟ್ 12, ಮಂಗಳವಾರ

ನಾಲ್ಕು ದಿನ. ನಾಲ್ಕು ದಿನದ ಮಾತ್ರೆ ನನ್ನ ಚೀಲದಲ್ಲೇ ಇದೆ.

ಸಂಜೆ ಹನಮಂತಣ್ಣ ರಸ್ತೆಯಲ್ಲಿ ಸಿಕ್ಕ. ಯೂನಿಫಾರಂ ಹಾಕಿಕೊಂಡು ಡ್ಯೂಟಿಗೆ ಹೊರಟಿದ್ದ. ಗಣೇಶನ ಹಬ್ಬ ಮುಗಿದ ಮೇಲೆ ಮನೆ ಖಾಲಿ ಮಾಡಿ ಅಂದಿದ್ದಾರಂತೆ ಆಂಟಿ. ಕಾರಣ ಹೇಳಿಲ್ಲ. ಒಂದು ಕಕ್ಕಸಿಗೆ ಬೀಗ ಹಾಕಿ ಅದರ ಕೀಲಿಯನ್ನು ಇವರನ್ನು ಬಿಟ್ಟು ಉಳಿದ ಐದು ಮನೆಗೆ ಕೊಟ್ಟಿದ್ದಾರೆ.

"ಆಕಿ ಊರಿಗಿ ಹೋಗೂಣು ಅಂತಾಳ. ಗುಳಗಿನೂ ಬ್ಯಾಡಂತ. ಅರಾಮ ಆಗೇನಿ, ಕಾಗದದಾಗೂ ಏನಿಲ್ಲ ಅಂತ ಬಂದೈತಿ, ಇನ್ಯಾಕ ಅಂತಾಳ. ನೀ ಏನರ ಮಾಡವ್ವ."

ಮನೆಗೆ ಬಂದು ಅಪ್ಪನಿಗೆ ಎಲ್ಲ ಹೇಳಿದೆ. ನನ್ನದೇನೂ ತಪ್ಪಿಲ್ಲ, ಹುಣ್ಣಿಮೆ ಹುಣ್ಣಿಮೆಗೆ ಪಂಚಶೀಲ ಹೇಳಿಸುವುದು ನೀವೇ, ಸುಳ್ಳು ಹೇಳಬಾರದು ಅನ್ನುವುದು ಅದರಲ್ಲಿ ನಾಲ್ಕನೆಯದು ಅಂದೆ. ಅಜ್ಜಿ ಎಲೆ ಅಡಿಕೆ ಕುಟ್ಟುವುದು ನಿಲ್ಲಿಸಿ, "ನಾಲ್ಕನೇದು ಚೆನ್ನಾಗಿ ನೆಪ್ಪೈತೆ ನಿಂಗೆ. ಮೊದಲನೇದು ಏನು?" ಎಂದಿತು.

ಯಾವ ಜೀವಕ್ಕೂ ಹಿಂಸೆ ಮಾಡಬಾರದು ಅನ್ನುವುದು ಮೊದಲನೆಯದು. ಗೊತ್ತಿತ್ತು.

ಆಗಸ್ಟ್ 13, ಬುಧವಾರ

ಬೊಮ್ಮನಹಳ್ಳಿಗೆ ಹೋದೆ. ಹನ್ನೆರಡೂವರೆಗೆ ಊಟದ ಗಂಟೆ. ಗೇಟಿನಿಂದ ನೂರಾರು ಹೆಂಗಸರು ಒಟ್ಟಿಗೆ ಬಂದು ಕಾಂಪೌಂಡಿನ ನೆರಳಲ್ಲಿ ಸಾಲಾಗಿ ಕೂತು ಡಬ್ಬಿ ಬಿಚ್ಚಿದರು. ಎಲ್ಲರ ತಲೆಗೂ ಒಂದೇ ಬಣ್ಣದ ಸ್ಕಾರ್ಫು. ತಂಗೆವ್ವನನ್ನು ಹುಡುಕಲು ಹತ್ತು ನಿಮಿಷ ಬೇಕಾಯಿತು. ಅವಳೇ ನನ್ನನ್ನು ಮೊದಲು ನೋಡಿದ್ದಳು, ಎದ್ದು ಹೋಗಲಿಲ್ಲ ಅಷ್ಟೇ.

ರಸ್ತೆಯಾಚೆ ಕರೆದುಕೊಂಡು ಹೋದಳು. ಲಾರಿ ಸದ್ದಿಗೆ ಇಬ್ಬರೂ ಕೂಗಿಯೇ ಮಾತಾಡಬೇಕಿತ್ತು.

"ಇಲ್ಲಿಗೂ ಬಂದೇನ? ಇಲ್ಲೂ ಹೇಳಿ ಹೋಗು. ಮೈಕ್ ತರಸ್ಲೇನ?"

"ಯಾರಿಗೂ ಹೇಳಲ್ಲ. ಹೇಳಿಲ್ಲ ಕೂಡ."

"ಹೇಳಂಗಿಲ್ಲ ಅಂತ ಹೇಳಿದೆಲ್ಲ, ಅದ ಸಾಕಾತು. ನಿನ್ನ ಖರೇ ಮಾತಿಂದ ನಿಂಗೇನಾತು? ರಾತ್ರಿ ಚಂದಾಗಿ ನಿದ್ದಿ ಬಂತು. ನಂಗ ಮನಿ ಹೋತು."

ಅವತ್ತು ರಾತ್ರಿ ನಾನು ನಿಜವಾಗಿಯೂ ಚೆನ್ನಾಗಿ ನಿದ್ದೆ ಮಾಡಿದ್ದೆ.

"ತಪ್ಪಾಯ್ತು ಅಕ್ಕ. ನನ್ನ ಮೇಲಿನ ಸಿಟ್ಟಿಗೆ ಮಾತ್ರೆ ಬಿಡಬೇಡ. ಬೇರೆ ಯಾರನ್ನಾದ್ರೂ ಕಳಿಸ್ತೀನಿ. ಆಂಟಿ ಹತ್ರ ಹೋಗಿ ರಿಪೋರ್ಟ್ ತೋರಿಸ್ತೀನಿ, ಏನೂ ಭಯ ಇಲ್ಲ ಅಂತ..."

"ಮುಟ್ಟಬ್ಯಾಡ! ಅದು ನನ್ನ ಕಾಗದ. ನನ್ನ ಎದಿಯಾಗಿಂದು. ನೀ ಯಾರು ತೋರಸಾಕಿ?"

ಒಂದು ಲಾರಿ ಹೋಯಿತು, ಇನ್ನೊಂದು ಹೋಯಿತು. ಅವಳು ಸ್ಕಾರ್ಫಿನ ಅಂಚಲ್ಲಿ ಮುಖ ಒರೆಸಿಕೊಂಡಳು.

"ನನ್ನ ಮಾತು ಸುಳ್ಳು ಮಾಡಿದಿ. ಈಗ ಖರೇ ಮಾಡು. ಹೊಲಿಗಿ ಕಲಿ. ನೀ ದಿನಾ ಸೂಜಿ ಹಿಡಿದ್ರ ನಾ ದಿನಾ ಗುಳಗಿ ನುಂಗತೀನಿ."

ಚೀಲದಿಂದ ಮಾತ್ರೆ ತೆಗೆದೆ. ಡಬ್ಬಿ ತೋರಿಸಿದಳು. ಊಟ ಆಗಿತ್ತು, ಹೊಟ್ಟೆ ಖಾಲಿಯಿರಲಿಲ್ಲ. "ನಾಳಿ," ಎಂದಳು.

ಐದು ದಿನ ತಪ್ಪಿತು. ಐದೇ.

ಆಗಸ್ಟ್ 14, ಗುರುವಾರ

ನುಂಗಿದಳು. ಆಮೇಲೆ ನನ್ನ ಕೈಗೆ ಸೂಜಿ ದಾರ ಕೊಟ್ಟಳು. ದಾರ ಪೋಣಿಸಲು ಏಳು ನಿಮಿಷ ಹಿಡಿಯಿತು. ಚಿಂದಿ ಬಟ್ಟೆಯ ಮೇಲೆ ನೇರ ಹೊಲಿಗೆ ಹಾಕಿ ತೋರಿಸಿದೆ.

"ಇದು ಹೊಲಿಗಿ ಏನ, ಇರಿವಿ ಸಾಲ ಏನ?"

"ಮೊದಲನೇ ದಿನ ಅಲ್ವಾ?"

"ಇರಿವಿನೂ ನೆಟ್ಟಗ ಹೋಗತಾವ. ಬಿಚ್ಚು."

ಆಗಸ್ಟ್ 22, ಶುಕ್ರವಾರ

ಆರೋಗ್ಯ ಕೇಂದ್ರದಲ್ಲಿ ಸೂಪರ್‌ವೈಸರ್ ಅನಂತರಾಮು ಸಾರ್ ನನ್ನ ಕಾರ್ಡ್ ನೋಡಿದರು. ಪ್ರತಿ ದಿನದ ಮಾತ್ರೆಗೆ ಒಂದೊಂದು ಚೌಕ, ನುಂಗಿದರೆ ಟಿಕ್ ಹಾಕಬೇಕು. ಐದು ಚೌಕ ಖಾಲಿ.

"ಇಲ್ಲೇನಮ್ಮ ಖಾಲಿ ಬಿಟ್ಟಿದ್ದೀಯ? ಹಾಕ್ಬಿಡು. ಮೇಲಿನೋರು ನನ್ನ ಕೇಳ್ತಾರೆ."

"ನುಂಗಿಲ್ಲ ಸಾರ್."

"ನನಗೂ ಗೊತ್ತು ಕಣಮ್ಮ. ಬೇರೆಯವರೆಲ್ಲ ವಾರಕ್ಕೊಂದ್ಸಲ ಏಳು ಟಿಕ್ ಹಾಕ್ತಾರೆ."

"ಟಿಕ್ ಹಾಕಿದ್ರೆ ಐದು ದಿನ ಮೊದಲೇ ಮಾತ್ರೆ ನಿಲ್ಲಿಸ್ತೀರಾ. ಆಮೇಲೆ ಕಾಯಿಲೆ ತಿರುಗಿ ಬಂದ್ರೆ ಟಿಕ್ಕಿಗೆ ಬರುತ್ತಾ, ತಂಗೆವ್ವಕ್ಕನಿಗೆ ಬರುತ್ತಾ?"

ಅವರು ಭಾಗ್ಯಜ್ಯೋತಿ ಅಕ್ಕನ ಕಡೆ ನೋಡಿ, "ಎಲ್ಲಿಂದ ಹಿಡ್ಕೊಂಡು ಬಂದ್ರಿ ಇವಳನ್ನ?" ಎಂದರು. ಕೊನೆಗೆ ಐದು ದಿನ ಮುಂದಕ್ಕೆ ಬರೆದರು. ನವೆಂಬರ್ 29ಕ್ಕೆ ಮುಗಿಯುತ್ತದೆ.

ಯಾಕೆ ತಪ್ಪಿತು ಅಂತ ಕಾರಣ ಬರೆಯುವ ಜಾಗವೂ ಇತ್ತು. ಅಲ್ಲಿ "ನನ್ನಿಂದ" ಅಂತ ಬರೆದೆ. ಸಾರ್ ಅದನ್ನು ಓದಿ ಕನ್ನಡಕ ತೆಗೆದು ಒರೆಸಿಕೊಂಡರು.

ಆಗಸ್ಟ್ 31, ಭಾನುವಾರ

ಇವತ್ತು ಮನೆ ಖಾಲಿ ಮಾಡಬೇಕಿದ್ದ ದಿನ. ಸರಿಯಾಗಿ ಬರೆಯಬೇಕು.

ಬೆಳಿಗ್ಗೆ ಹೋದಾಗ ಟ್ರಂಕು ಬಾಗಿಲ ಹೊರಗಿತ್ತು. ಹನಮಂತಣ್ಣ ಚಾಪೆ ಸುತ್ತುತ್ತಿದ್ದ. ಬಸ್ಸು ರಾತ್ರಿಗೆ. ಊರಲ್ಲಿ ಮಾತ್ರೆ ಯಾರು ಕೊಡುತ್ತಾರೆ ಅಂದರೆ ತಂಗೆವ್ವ ಪಾತ್ರೆ ಕಟ್ಟತೊಡಗಿದಳು. ಊರಲ್ಲಿ ಯಾರಿಗೂ ಗೊತ್ತಿಲ್ಲ. ಅಲ್ಲಿ ಇವಳು ಮಾತ್ರೆಯ ಹತ್ತಿರವೂ ಹೋಗುವುದಿಲ್ಲ ಅಂತ ನನಗೆ ಗೊತ್ತು, ಅವಳಿಗೂ ಗೊತ್ತು.

ಮಾತ್ರೆ ಆಯಿತು. ನಾನು ಸೂಜಿ ತೆಗೆದೆ. "ಇವತ್ತ ಬ್ಯಾಡ," ಎಂದಳು. "ಮಾತು ಮಾತೇ," ಎಂದು ಹೊರಗೆ ಟ್ರಂಕಿನ ಮೇಲೆ ಕೂತು ಹುಕ್ಕು ಹಾಕತೊಡಗಿದೆ. ಹುಕ್ಕಿಗೆ ಬಂದು ಮೂರು ದಿನವಾಗಿತ್ತು. ನಲ್ಲಿ ಹತ್ತಿರ ವಠಾರದ ಹೆಂಗಸರೆಲ್ಲ ಇದ್ದರು. ಮುನಿಲಕ್ಷ್ಮಮ್ಮ ಆಂಟಿ ಜಗುಲಿಯಿಂದ ಇಳಿದು ನನ್ನ ಎದುರಿಗೆ ಬಂದು ನಿಂತರು.

"ನೋಡೇ ಹುಡುಗಿ. ಈ ಬೀದೀಲಿ ಎಲ್ಲರೂ ನನಗೆ ಸುಳ್ಳು ಹೇಳ್ತಾರೆ. ನನ್ನ ಮಗನೂ ಹೇಳ್ತಾನೆ. ನೀನು ಮಾತ್ರ ಹೇಳಲ್ಲ ಅಂತ ಊರಿಗೇ ಗೊತ್ತು. ನೀನು ಹೇಳಿದ್ದನ್ನ ನಂಬ್ತೀನಿ. ಇವಳಿಗೆ ಟಿಬಿ ಇದೆಯಾ, ಇಲ್ವಾ? ಇಲ್ಲ ಅನ್ನು, ಟ್ರಂಕು ಒಳಗೆ ಹೋಗ್ಲಿ."

ಇಲ್ಲ. ಎರಡು ಅಕ್ಷರ. ಅಂದಿದ್ದರೆ ನಂಬುತ್ತಿದ್ದರು. ಹತ್ತೊಂಬತ್ತು ವರ್ಷದಲ್ಲಿ ನಾನು ದುಡಿದಿದ್ದು ಅಂತ ಏನಾದರೂ ಇದ್ದರೆ ಅದೊಂದೇ, ಅದನ್ನು ಇಲ್ಲಿ ಖರ್ಚು ಮಾಡಬಹುದಿತ್ತು. ಬಾಯಿ ತೆಗೆದೂ ತೆಗೆದೆ, ಇದನ್ನು ಬರೆಯಲೇಬೇಕು. ಆದರೆ 'ಇದೆ' ಅನ್ನುವ ಹಕ್ಕು ಹೇಗೆ ನನ್ನದಲ್ಲವೋ ಹಾಗೆ 'ಇಲ್ಲ' ಅನ್ನುವ ಹಕ್ಕೂ ನನ್ನದಾಗಿರಲಿಲ್ಲ.

"ನಾನು ದಿನಾ ಹೊಲಿಗೆ ಕಲಿಯೋಕೆ ಬರ್ತೀನಿ ಆಂಟಿ. ಇದು ನಿಜ, ನೋಡಿ." ಹುಕ್ಕು ತೋರಿಸಿದೆ. "ಇನ್ನೊಬ್ಬರ ಮೈ ವಿಷಯ ನನ್ನ ಕೇಳ್ಬೇಡಿ. ನಾಳೆ ಯಾರಾದ್ರೂ ಬಂದು ನಿಮ್ಮ ಮೈ ವಿಷಯ ಕೇಳಿದ್ರೂ ನಾನು ಬಾಯಿ ಬಿಡಲ್ಲ."

"ಅಂದ್ರೆ ಇದೆ ಅಂತಾಯ್ತು."

"ಐತ್ರಿ."

ತಂಗೆವ್ವ ಬಾಗಿಲಲ್ಲಿ ನಿಂತಿದ್ದಳು. ತಲೆ ಮೇಲೆ ಸೆರಗು, ದನಿ ಸಣ್ಣದಲ್ಲ. "ಟಿಬಿ ಐತಿ. ಅರ್ಧಾ ಮುಗದೈತಿ. ಈಗ ಯಾರಿಗೂ ಹತ್ತಂಗಿಲ್ಲ ಅಂತ ಡಾಕ್ಟರು ಬರೆದುಕೊಟ್ಟಾರ. ಕೇಳೂದಿದ್ರ ನನ್ನ ಕೇಳ್ರಿ, ಆ ಹುಡುಗಿನ್ನ ಯಾಕ ಜಗ್ಗತೀರಿ?"

ನಲ್ಲಿ ನಿಲ್ಲಿಸಲು ಯಾರಿಗೂ ನೆನಪಿರಲಿಲ್ಲ.

"ಮೊದಲೇ ಹೇಳೋಕೆ ಏನಾಗಿತ್ತೇ ನಿಂಗೆ?" ಎಂದರು ಆಂಟಿ.

"ಹೇಳಿದ್ರ ಇರಾಕ ಬಿಡ್ತಿದ್ರೇನ್ರಿ?"

"ಬಿಡ್ತಿರಲಿಲ್ಲ," ಎಂದರು ಆಂಟಿ. ಅವರ ಬಗ್ಗೆ ನನಗೆ ಮೊದಲ ಸಲ ಮರ್ಯಾದೆ ಬಂತು.

ಐದನೇ ಮನೆಯ ಶಿವವ್ವ ಬಿಂದಿಗೆ ಸೊಂಟಕ್ಕೇರಿಸಿಕೊಂಡು ಹೇಳಿದಳು. "ಮೂರು ತಿಂಗಳಿಂದ ಒಂದ ನಳ, ಒಂದ ಗ್ವಾಡಿ. ನಮಗೇನಾಗೈತ್ರಿ ಆಂಟಿ? ಆಕಿ ಹೋದ್ರ ನನ್ನ ಕೂಸಿನ ಲಂಗ ಹೊಲ್ಯಾಕ ಯಾರದಾರ?"

"ನೀನು ಸುಮ್ನಿರೇ. ಏನಾಗಿದೆಯೋ ಇಲ್ವೋ ನಿಂಗೇನು ಗೊತ್ತು?" ಆಂಟಿ ನನ್ನ ಕಡೆ ತಿರುಗಿದರು. "ಅದಕ್ಕೆ ಟೆಸ್ಟ್ ಇದೆಯಲ್ವಾ? ವಠಾರದೋರೆಲ್ಲ ಮಾಡಿಸ್ಕೊಳ್ಳಿ. ಯಾರಿಗೂ ಏನೂ ಇಲ್ಲ ಅಂದ್ರೆ ಇವಳು ಇರ್ಲಿ. ಒಬ್ಬರಿಗಿದ್ರೂ..."

"ನೀವೂ ಬರ್ಬೇಕು ಆಂಟಿ."

"ನಾನ್ಯಾಕೆ?"

"ಇಡೀ ವಠಾರದಲ್ಲಿ ಜೋರಾಗಿ ಕೆಮ್ಮೋದು ನೀವೇ."

ಮೊದಲು ಶಿವವ್ವ ನಕ್ಕಳು. ಆಮೇಲೆ ಯಾರು ಯಾರು ನಕ್ಕರೋ ನೋಡಲಿಲ್ಲ. ನಾನು ತಮಾಷೆಗೆ ಹೇಳಿರಲಿಲ್ಲ.

ಸೆಪ್ಟೆಂಬರ್ 6, ಶನಿವಾರ

ಹದಿನೇಳು ಜನರ ಪರೀಕ್ಷೆ. ಯಾರಿಗೂ ಟಿಬಿ ಇಲ್ಲ. ಅವರವರ ಚೀಟಿ ಅವರವರ ಕೈಗೆ ಕೊಟ್ಟೆ. ಪಕ್ಕದವರದು ಏನು ಬಂತು ಅಂತ ಎಲ್ಲರೂ ಕೇಳಿದರು. ಅವರನ್ನೇ ಕೇಳಿ ಅಂದೆ. ಆಂಟಿ ಜಗುಲಿಯಿಂದಲೇ ತಮ್ಮ ಚೀಟಿಯನ್ನು ಮಗನ ಕೈಲಿ ಕೂಗಿ ಓದಿಸಿದರು, ಅದು ಅವರಿಷ್ಟ.

ಟ್ರಂಕು ಒಳಗೆ ಹೋಯಿತು. ಕಕ್ಕಸಿನ ಬೀಗ ತೆಗೆದಿದ್ದಾರೆ. ಆಂಟಿ ತಂಗೆವ್ವನ ಜೊತೆ ಇನ್ನೂ ಮಾತಾಡಿಲ್ಲ. ಆದರೆ ಇವತ್ತು ಇವಳ ಸರದಿ ಬಂದಾಗ, ಈಚೆಗೆ ಮಾಡುತ್ತಿದ್ದ ಹಾಗೆ, ನಲ್ಲಿ ನಿಲ್ಲಿಸಲಿಲ್ಲ.

ಅಕ್ಟೋಬರ್ 19, ಭಾನುವಾರ

ಹಬ್ಬಕ್ಕೆ ಮಗಳು ಬಂದಿದ್ದಾಳೆ. ಹೆಸರು ಮಧುಮತಿ. ಬಂದ ಅರ್ಧ ಗಂಟೆಗೆ ನನ್ನನ್ನು ಕೇಳಿದಳು, "ನೀ ಯಾಕ ನಮ್ಮನಿಗಿ ಬರ್ತಿ?"

ತಂಗೆವ್ವ ನನ್ನನ್ನು ನೋಡಿದಳು. ನಾನು ತಂಗೆವ್ವನನ್ನು ನೋಡಿದೆ.

"ಆಕಿ ನಂಗ ಗುಳಗಿ ಕೊಡ್ತಾಳ, ನಾ ಆಕಿಗಿ ಹೊಲಿಗಿ ಕಲಸ್ತೀನಿ," ಎಂದಳು ತಂಗೆವ್ವ. "ಗುಳಗಿ ಲಗೂನ ಮುಗೀತೈತಿ. ಹೊಲಿಗಿ ಮುಗಿಯೂ ಹಂಗ ಕಾಣೂದಿಲ್ಲ."

ತೂಕ ನಲವತ್ತನಾಲ್ಕು. ನಾನು ಕಾಜಾಕ್ಕೆ, ಗುಂಡಿ ತೂರಿಸುವ ತೂತಿನ ಸುತ್ತ ಹಾಕುವ ಹೊಲಿಗೆಗೆ, ಬಂದಿದ್ದೇನೆ. ಕಾಜಾ ಹಾಕುವಾಗ ಅತ್ತಿತ್ತ ಕತ್ತು ತಿರುಗಿಸುವಂತಿಲ್ಲ. ಒಂದು ಗಂಟೆ ಕೂತಿದ್ದೆನಂತೆ. ಅಪ್ಪ ಹುಡುಕಿಕೊಂಡು ಬಂದರು.

ನವೆಂಬರ್ 29, ಶನಿವಾರ

ಕೊನೆಯ ಮೂರು ಮಾತ್ರೆ.

ನುಂಗಿ ಲೋಟ ಬೋರಲು ಹಾಕಿದಳು. ಏನೋ ಹೇಳುತ್ತಾಳೆ ಅಂದುಕೊಂಡೆ. "ಟೆಂಪೋ ಬರೂ ಹೊತ್ತಾತು," ಎಂದು ಚಪ್ಪಲಿ ಮೆಟ್ಟಿಕೊಂಡಳು. ಬಾಗಿಲವರೆಗೆ ಹೋಗಿ ತಿರುಗಿ ಬಂದು ನನ್ನ ತಲೆಗೊಂದು ಮೊಟಕಿ ಹೋದಳು.

ಕಫದ ಡಬ್ಬಿ ಲ್ಯಾಬಿಗೆ ಕೊಟ್ಟು ಬಂದೆ. ಪೂರ್ತಿ ವಾಸಿಯಾಗಿದೆಯೋ ಇಲ್ಲವೋ ಅದರಲ್ಲಿ ತಿಳಿಯುತ್ತದೆ.

ಡಿಸೆಂಬರ್ 3, ಬುಧವಾರ

ಲ್ಯಾಬಿನವರು ಕವರ್ ಕೊಟ್ಟರು. ಅಂಟು ಹಾಕಿರಲಿಲ್ಲ. "ನೋಡ್ಕೊಳಮ್ಮ," ಎಂದರು. ಪೇಷಂಟಿಗೆ ಕೊಡ್ತೀನಿ ಸಾರ್ ಎಂದೆ.

ಬೊಮ್ಮನಹಳ್ಳಿವರೆಗೂ ಬಸ್ಸಿನಲ್ಲಿ ಅದು ನನ್ನ ತೊಡೆಯ ಮೇಲಿತ್ತು. ಸಿಲ್ಕ್ ಬೋರ್ಡಿನಲ್ಲಿ ಟ್ರಾಫಿಕ್ಕು, ನಲವತ್ತು ನಿಮಿಷ ನಿಂತೆವು. ಪಕ್ಕದ ಹೆಂಗಸು ಮೂರು ಸಲ ಕೇಳಿದರು, ಎಕ್ಸಾಮ್ ರಿಸಲ್ಟಾ ಅಂತ.

ಊಟದ ಗಂಟೆಯಾಯಿತು. ತಂಗೆವ್ವ ಗೇಟಿನಿಂದ ಓಡಿಯೇ ಬಂದಳು. ಕವರ್ ತೆಗೆದುಕೊಂಡು ನನಗೆ ಬೆನ್ನು ಹಾಕಿ ಓದಿದಳು. ಓದು ನಿಧಾನ ಅವಳದು, ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಓದುತ್ತಾಳೆ. ನಾನು ಲಾರಿಗಳನ್ನು ನೋಡುತ್ತ ನಿಂತೆ.

ಕಾಗದವನ್ನು ನಾಲ್ಕು ಮಡಿಕೆ ಮಾಡಿ ರವಿಕೆಯೊಳಗೆ ಇಟ್ಟುಕೊಂಡಳು. ಆಮೇಲೆ ತಲೆಯ ಸ್ಕಾರ್ಫ್ ಕಿತ್ತು ಗಿರಗಿರ ತಿರುಗಿಸುತ್ತ, ನೆರಳಲ್ಲಿ ಕೂತಿದ್ದ ತನ್ನ ಸಾಲಿನವರಿಗೆ, "ಏ ಬರ್ರೇ! ಎಲ್ಲಾರೂ ಬರ್ರೇ! ಇವತ್ತ ಬಜ್ಜಿ ನಂದು!" ಎಂದು ಕೂಗಿದಳು. ಹೊಸೂರು ರೋಡಿನ ಅಷ್ಟೂ ಗದ್ದಲದಲ್ಲಿ ಅವಳದೇ ಕೇಳಿಸಿತು. ಹನ್ನೆರಡು ಜನ ಗಾಡಿಯವನನ್ನು ಮುತ್ತಿಕೊಂಡರು. ಮೊದಲ ಬಜ್ಜಿ ಉಫ್ ಉಫ್ ಅಂತ ಊದಿ ನನ್ನ ಬಾಯಿಗೇ ಇಟ್ಟಳು.

"ಏನ ಇದು, ಏನ ವಿಶೇಷ?" ಅಂತ ಯಾರೋ ನನ್ನನ್ನು ಕೇಳಿದರು.

"ಅವಳನ್ನೇ ಕೇಳಿ," ಎಂದೆ. ಬಾಯಿ ತುಂಬ ಬಜ್ಜಿ ಇತ್ತು.

ಮನೆಗೆ ಬಂದು ಎರಡು ಸಲ ಪೆನ್ನು ತೆಗೆದೆ. ಆ ಕಾಗದದಲ್ಲಿ ಏನಿತ್ತು ಅಂತ ಇಲ್ಲಿ ಬರೆಯುವುದಿಲ್ಲ. ಅದು ಅವಳದು.